ಗೋಡೆಯಾಚೆ ಕೇಳಿಸಿಕೊಂಡವರು

ಈ ವಾರ ಓದಿದ ಕಾದಂಬರಿಯ ಬಗ್ಗೆ ಸಿಟ್ಟಿನಿಂದಲೇ ಬರೆಯುತ್ತಿದ್ದೇನೆ. ಅರ್ಧ ಸಿಟ್ಟು ಪುಸ್ತಕದ ಮೇಲೆ, ಇನ್ನರ್ಧ ಅದನ್ನು ಓದಿದ ಗೆಳೆಯರ ಮೇಲೆ.

ಸಣ್ಣ ಊರೊಂದರ ಸಾಲುಮನೆಯಲ್ಲಿ ಗಂಡನ ಕೈಯಲ್ಲಿ ಏಟು ತಿನ್ನುವ ಹೆಂಗಸಿನ ಕಥೆ. ಓದಿದವರೆಲ್ಲ ಕೇಳುವುದು ಒಂದೇ: "ಅವಳು ಮೊದಲೇ ಮನೆ ಬಿಟ್ಟು ಹೋಗಬಹುದಿತ್ತಲ್ಲ?" ಎಲ್ಲಿಗೆ ಹೋಗಬೇಕಿತ್ತು ಸ್ವಾಮಿ? ತವರಿನಲ್ಲಿ ಮದುವೆಯ ಸಾಲವೇ ಇನ್ನೂ ತೀರಿಲ್ಲ. ಹೋದರೆ ನಾಲ್ಕು ದಿನ ಉಪಚಾರ, ಆಮೇಲೆ ಹಿರಿಯರ ಪಂಚಾಯಿತಿ. "ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ" ಎಂದು ಯಾರೋ ಎಲೆ ಅಡಿಕೆ ಜಗಿಯುತ್ತ ತೀರ್ಪು ಕೊಡುತ್ತಾರೆ, ಸಂಜೆಯ ಬಸ್ಸಿಗೆ ಅವಳನ್ನು ಹತ್ತಿಸಿ ಕಳಿಸುತ್ತಾರೆ.

ನನ್ನನ್ನು ಹೆಚ್ಚು ಕಾಡಿದವಳು ಪಕ್ಕದ ಮನೆಯವಳು. ರಾತ್ರಿ ಗೋಡೆಯಾಚೆ ಪಾತ್ರೆ ಉರುಳಿದ ಕೂಡಲೇ ಟಿವಿಯ ಸದ್ದು ಹೆಚ್ಚಿಸುತ್ತಾಳೆ. ಬೆಳಿಗ್ಗೆ ಹೆಪ್ಪಿಗೆ ಮೊಸರು ಕೇಳುವ ನೆಪದಲ್ಲಿ ಬರುತ್ತಾಳೆ, ಹುಬ್ಬಿನ ಮೇಲಿನ ಬಾವು ನೋಡುತ್ತಾಳೆ, ಅರಿಸಿನ ಸುಣ್ಣ ಕಲಸಿ ತಂದು ತಾನೇ ಹಚ್ಚುತ್ತಾಳೆ. ಹೇಗಾಯಿತು ಎಂದು ಮಾತ್ರ ಕೇಳುವುದಿಲ್ಲ. ಕೇಳಿದರೆ ಏನಾದರೂ ಮಾಡಬೇಕಾಗುತ್ತದಲ್ಲ! ಇಷ್ಟನ್ನು ಒಂದೂವರೆ ಪುಟದಲ್ಲಿ ಬರೆದ ಕೈಗೆ ಶರಣು.

ನಮ್ಮ ದಾವಣಗೆರೆಯಲ್ಲಿ ಇಂಥ ಸಾಲುಮನೆಗಳಿಗೇನು ಬರವೇ? ಹತ್ತಿ ಗಿರಣಿಗಳ ಕಾಲದಿಂದ ಒಂದು ಗೋಡೆಗೆ ಎರಡು ಸಂಸಾರ ಒರಗಿಕೊಂಡು ಬದುಕಿದ ಊರು. ಪಕ್ಕದ ಮನೆಯ ಒಗ್ಗರಣೆಗೆ ಇಂಗು ಬಿತ್ತೋ ಬೆಳ್ಳುಳ್ಳಿ ಬಿತ್ತೋ ಹೇಳಬಲ್ಲ ನಮಗೆ ಏಟಿನ ಸದ್ದು ಕೇಳಿಸುವುದಿಲ್ಲ. ಎರಡು ವರ್ಷಕ್ಕೊಮ್ಮೆ ದುಗ್ಗಮ್ಮನ ಜಾತ್ರೆಯಲ್ಲಿ ಊರಿಗೆ ಊರೇ ಅಮ್ಮನಿಗೆ ಉಡಿ ತುಂಬುತ್ತದೆ. ಹೆಂಡತಿಯನ್ನು ಬಡಿಯುವವನೂ ಅದೇ ಸಾಲಿನಲ್ಲಿ ನಿಂತು ಕೈಮುಗಿಯುತ್ತಾನೆ. ಯಾರೂ ಮುಖ ತಿರುಗಿಸುವುದಿಲ್ಲ.

ಇನ್ನು ನನ್ನ ತಕರಾರು. ಪೊಲೀಸ್ ಠಾಣೆ ಬಿಟ್ಟರೆ ಅವಳಿಗೆ ಬೇರೆ ಬಾಗಿಲೇ ಇಲ್ಲ ಎಂಬಂತೆ ಕಥೆ ಸಾಗುತ್ತದೆ. ಕೌಟುಂಬಿಕ ದೌರ್ಜನ್ಯ ತಡೆಯುವ 2005ರ ಕಾಯ್ದೆ 2006ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ಮನೆ ಯಾರ ಹೆಸರಿನಲ್ಲೇ ಇರಲಿ, ಅಲ್ಲಿ ವಾಸಿಸುವ ಹಕ್ಕು ಅವಳಿಗಿದೆ ಎನ್ನುತ್ತದೆ ಅದರ 17ನೇ ಕಲಂ. 4ನೇ ಕಲಂ ಅಂತೂ ಪಕ್ಕದ ಮನೆಯವಳಿಗಾಗಿಯೇ ಬರೆದಂತಿದೆ: ದೌರ್ಜನ್ಯ ನಡೆಯುತ್ತಿದೆ ಎಂದು ನಂಬಲು ಕಾರಣವಿದ್ದರೆ ಯಾರು ಬೇಕಾದರೂ ಸಂರಕ್ಷಣಾಧಿಕಾರಿಗೆ, ಅಂದರೆ ನೊಂದವಳ ನೆರವಿಗೆಂದೇ ಈ ಕಾಯ್ದೆಯಡಿ ನೇಮಕವಾದ ಅಧಿಕಾರಿಗೆ, ತಿಳಿಸಬಹುದು. ಸದುದ್ದೇಶದಿಂದ ತಿಳಿಸಿದವರ ತಲೆಗೆ ಯಾವ ಕೇಸೂ ಸುತ್ತಿಕೊಳ್ಳುವುದಿಲ್ಲ. ನಮ್ಮ ರಾಜ್ಯದಲ್ಲಿ ಸಂರಕ್ಷಣಾಧಿಕಾರಿಯ ಹೊಣೆ ಅಂಗನವಾಡಿಗಳನ್ನು ನೋಡಿಕೊಳ್ಳುವ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಮೇಲೂ ಇದೆ. ಅಲ್ಲಿಗೆ ಹೋಗಲು ಆಗದಿದ್ದರೆ 181 ಸಹಾಯವಾಣಿ ಇದೆ. ಕಾನೂನು ಬಂದ ಮಾತ್ರಕ್ಕೆ ಎಲ್ಲ ಸರಿಹೋಗುತ್ತದೆ ಎಂದು ನಂಬುವಷ್ಟು ಎಳಸು ನಾನಲ್ಲ. ಆದರೂ ಆ ನೆರೆಯವಳು ಒಮ್ಮೆ ಆ ನಂಬರ್ ಒತ್ತಿ, ಹೆದರಿ ಫೋನ್ ಇಟ್ಟಿದ್ದರೂ ನನಗೆ ಸಾಕಿತ್ತು.

ಅದರ ಬದಲು ಕೊನೆಯ ಅಧ್ಯಾಯದಲ್ಲಿ ಗಂಡನನ್ನು ಲಾರಿಗೆ ಸಿಕ್ಕಿಸಿ ಸಾಯಿಸಿದ್ದಾರೆ. ಅಲ್ಲಿಗೆ ಊರೂ ಪಾರು, ಬರೆದವರೂ ಪಾರು. ಇಂಥವರು ಅಷ್ಟು ಸುಲಭವಾಗಿ ಸಾಯುವುದಿಲ್ಲ. ಅರವತ್ತು ತುಂಬಿಸಿಕೊಂಡು, ಶಾಲು ಹೊದೆಸಿಕೊಂಡು, ಅದೇ ಹೆಂಡತಿಯ ಪಕ್ಕ ಕುಳಿತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ಫೋಟೊ ಇಲ್ಲಿಗೇ ಬರುತ್ತದೆ, ಲೈಕ್ ಒತ್ತುವವರು ನಾವೇ.