ಅಂಗಿ ತೋಳಿನ ಮೇಲೆ ಪಟ್ಟಿ ಕಟ್ಟಿ ಬರೆದ ಬಿಪಿ

168/102. ಈ ಎರಡು ಅಂಕಿ ನೋಡಿ ನನ್ನನ್ನು ವಾಪಸ್ ಕಳಿಸಿದರು. ಲಾರಿ ಓಡಿಸೋಕೆ ನಾನು ಫಿಟ್ ಇಲ್ಲವಂತೆ. ಹಿಂದಿನ ರಾತ್ರಿಯೆಲ್ಲ ಓಡಿಸಿ, ಬೆಳಗ್ಗೆ ಲೋಡ್ ಇಳಿಸಿ, ಅದೇ ಲಾರಿಯಲ್ಲಿ ನೇರವಾಗಿ ಡ್ರೈವರ್ ಮೆಡಿಕಲ್ ಸರ್ಟಿಫಿಕೇಟಿಗೆ ಬಂದವನು ನಾನು. ಬರುವಾಗ ಫಿಟ್, ಹೋಗುವಾಗ ಇಲ್ಲ!

ಮೊದಲೇ ಹೇಳಿಬಿಡುತ್ತೇನೆ, ನಿಯಮದ ಮೇಲೆ ನನಗೆ ಸಿಟ್ಟಿಲ್ಲ. ಬೆನ್ನ ಹಿಂದೆ ಇಪ್ಪತ್ತು ಟನ್ ಹೊತ್ತುಕೊಂಡು ಹೋಗುವವನಿಗೆ ಸ್ಟೇರಿಂಗ್ ಹಿಡಿದಾಗಲೇ ಸ್ಟ್ರೋಕ್ ಹೊಡೆದರೆ ಸಾಯುವುದು ಅವನೊಬ್ಬನೇ ಅಲ್ಲ. ಪರೀಕ್ಷೆ ಇರಲೇಬೇಕು. ಆದರೆ ಒಬ್ಬನ ಅನ್ನಕ್ಕೆ ಕೈ ಹಾಕುವಾಗ ಸರಿಯಾಗಿ ಅಳೆಯಬೇಕು ತಾನೇ? ತರಕಾರಿ ತೂಗುವವನೂ ಮೊದಲು ತಕ್ಕಡಿಯ ಮುಳ್ಳು ನೋಡುತ್ತಾನೆ.

ನನ್ನನ್ನು ಅಳೆದ ರೀತಿ ಕೇಳಿ. ಎರಡು ಗಂಟೆ ಸಾಲಿನಲ್ಲಿ ನಿಂತಿದ್ದೆ. ನಿದ್ದೆ ತಡೆಯೋಕೆ ಆಗಲೇ ಮೂರು ಕಾಫಿ ಒಳಗೆ ಹೋಗಿತ್ತು. ಮೂತ್ರಕ್ಕೆ ಹೋಗಬೇಕಿತ್ತು, ಹೋದರೆ ಸಾಲು ತಪ್ಪುತ್ತದೆ ಅಂತ ಬಿಗಿ ಹಿಡಿದುಕೊಂಡಿದ್ದೆ. ಹೆಸರು ಕೂಗಿದ್ದೇ ತಡ, ಒಂದೇ ಉಸಿರಿಗೆ ಎರಡು ಮಹಡಿ ಹತ್ತಿದೆ. ಕುರ್ಚಿ ಇಲ್ಲ, ಎತ್ತರದ ಮಂಚದ ಅಂಚಿಗೆ ಕೂರಿಸಿದರು. ಕಾಲು ಗಾಳಿಯಲ್ಲಿ, ಬೆನ್ನಿಗೆ ಆಸರೆ ಇಲ್ಲ, ಕೈ ಜೋತಾಡುತ್ತಿದೆ.

ಅಂಗಿ ತೋಳು ಮಡಚಿ ಅಂತ ಕೂಡ ಅನ್ನಲಿಲ್ಲ. ಅಂಗಿಯ ಮೇಲೇ ಪಟ್ಟಿ ಸುತ್ತಿದರು. ವರ್ಷಗಟ್ಟಲೆ ಟಾರ್ಪಾಲು ಎಳೆದು ಹಗ್ಗ ಬಿಗಿದ ತೋಳು ಇದು, ಆ ಪಟ್ಟಿ ಸುತ್ತು ಬರುವುದಕ್ಕೇ ಒದ್ದಾಡುತ್ತಿತ್ತು. ಗಾಳಿ ತುಂಬುತ್ತಿದ್ದ ಹಾಗೆ ಚರ್ರ್ ಅಂತ ಬಿಚ್ಚಿಕೊಂಡಿತು. ಆಗಲಾದರೂ ದೊಡ್ಡ ಪಟ್ಟಿ ತರುತ್ತಾರೆ ಅಂದುಕೊಂಡೆ. ಇಲ್ಲ. ಮತ್ತೆ ಸುತ್ತಿ, ಈ ಸಲ ಬಿಚ್ಚದ ಹಾಗೆ ಅಂಗೈಯಿಂದ ಒತ್ತಿ ಹಿಡಿದುಕೊಂಡರು! ಅದರ ನಡುವೆಯೇ ಪ್ರಶ್ನೆ. ಸಕ್ಕರೆ ಕಾಯಿಲೆ ಇದೆಯಾ, ಕುಡೀತೀರಾ, ಕನ್ನಡಕ ಯಾವಾಗಿಂದ. ನಾನು ಉತ್ತರ ಕೊಡುತ್ತಲೇ ಇದ್ದೆ. ಜೇಬಿನಲ್ಲಿ ಫೋನ್ ಗುರ್ರ್ ಅನ್ನುತ್ತಿತ್ತು. ಓನರ್ ಫೋನು, ಇನ್ನೇನು, ಸಂಜೆ ಲೋಡ್ ಇದೆ. ಆಗ ಬಂದಿದ್ದು ಈ 168.

ಇನ್ನೊಂದು ಸಲ ನೋಡಿ ಅಂದೆ. 'ಮೆಷಿನ್ ಸುಳ್ಳು ಹೇಳುತ್ತಾ?' ಅಂದರು.

ಆ ರಾತ್ರಿ ನಿದ್ದೆ ಬರಲಿಲ್ಲ. ಫೋನ್ ಹಿಡಿದು ಓದುತ್ತಾ ಕೂತೆ. ಓದಿದಷ್ಟೂ ಉರಿ ಜಾಸ್ತಿಯಾಯಿತು. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕಂತೆ. ಬೆನ್ನಿಗೆ ಆಸರೆ, ಕಾಲು ನೆಲದ ಮೇಲೆ, ತೋಳು ಎದೆಯ ಮಟ್ಟದಲ್ಲಿ. ತೋಳು ಕೆಳಗೆ ಜೋತರೆ ಅಂಕಿ ಏರುತ್ತದೆ. ಮಾತಾಡಿದರೂ ಏರುತ್ತದೆ. ಅರ್ಧ ಗಂಟೆ ಮೊದಲಿನಿಂದ ಕಾಫಿ, ಬೀಡಿ ಬೇಡ. ಮೂತ್ರ ಕಟ್ಟಿಕೊಂಡು ಕೂರಬಾರದು. ಬರಿ ತೋಳಿಗೆ ಪಟ್ಟಿ ಕಟ್ಟಬೇಕು. ಒಂದೆರಡು ನಿಮಿಷ ಬಿಟ್ಟು ಇನ್ನೊಂದು ಸಲ ನೋಡಿ, ಎರಡರ ಸರಾಸರಿ ಬರೆಯಬೇಕು. ಇದರಲ್ಲಿ ಒಂದಾದರೂ ಮಾಡಿದರಾ? ಲೆಕ್ಕ ಹಾಕಿ ನೋಡಿದೆ, ಒಂದೂ ಇಲ್ಲ.

ಪಟ್ಟಿಯ ವಿಷಯವಂತೂ ಹೊಟ್ಟೆ ಉರಿಸುತ್ತದೆ. ತೀರಾ ದಪ್ಪ ತೋಳಿಗೆ ಮಾಮೂಲಿ ಪಟ್ಟಿ ಕಟ್ಟಿದರೆ ಮೇಲಿನ ಅಂಕಿ ಸುಮಾರು 20ರಷ್ಟು ಜಾಸ್ತಿ ಬರುತ್ತದೆ ಅಂತ 2023ರಲ್ಲಿ ಬಂದ ಒಂದು ಅಧ್ಯಯನ ಹೇಳುತ್ತದೆ. ಇದೇನು ಹೊಸ ಸುದ್ದಿಯೂ ಅಲ್ಲ. ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡುವ ಉಪಾಯವನ್ನು ಇಟಲಿಯ ರಿವಾ-ರೋಚಿ ತಂದಿದ್ದು 1896ರಲ್ಲಿ. ಆತನ ಪಟ್ಟಿ ತೀರಾ ಕಿರಿದು, ಅದಕ್ಕೇ ಅಂಕಿ ಏರುತ್ತಿದೆ ಅಂತ ಇನ್ನೊಬ್ಬ ಡಾಕ್ಟರ್ 1901ರಲ್ಲೇ ತೋರಿಸಿಕೊಟ್ಟರು. ನೂರಿಪ್ಪತ್ತು ವರ್ಷ ಆಯಿತು ಸ್ವಾಮಿ! ಡ್ರೈವರುಗಳನ್ನೇ ಅಳೆಯುವ ಜಾಗದಲ್ಲಿ ಒಂದು ದೊಡ್ಡ ಪಟ್ಟಿ ಇಡೋಕೆ ಇನ್ನೆಷ್ಟು ವರ್ಷ ಬೇಕು?

ನನಗೆ ಬಿಪಿ ಇಲ್ಲ ಅಂತ ಹೇಳುತ್ತಿಲ್ಲ. ಇದೆ. ಮನೆಗೆ ಮೆಷಿನ್ ತಂದೆ, ತೋಳಿಗೆ ಹೊಂದುವ ಪಟ್ಟಿ ಇರುವುದನ್ನೇ. ಮೂರು ವಾರ ಬೆಳಗ್ಗೆ ಸಂಜೆ ನೋಡಿ ನೋಟ್‌ಬುಕ್ಕಿನಲ್ಲಿ ಬರೆದೆ. 138/86, 134/84, 141/88, ಹೀಗೇ ಬರುತ್ತಿತ್ತು. ಮನೆಯಲ್ಲಿ ನೋಡಿದರೆ 135/85 ದಾಟಿದರೇ ಜಾಸ್ತಿ ಅಂತ ಲೆಕ್ಕ. ಅಂದರೆ ನಾನು ಗೆರೆಯ ಮೇಲೇ ನಿಂತಿದ್ದೇನೆ, ಒಪ್ಪಿದೆ, ಮಾತ್ರೆ ಸ್ವಲ್ಪ ಸರಿ ಮಾಡಬೇಕು. ಆದರೆ 168 ಎಲ್ಲಿ, ಇದೆಲ್ಲಿ?

ಆ ನೋಟ್‌ಬುಕ್ ಹಿಡಿದುಕೊಂಡು ಮತ್ತೆ ಹೋದೆ. 'ಇದು ನೀವೇ ಬರೆದಿರೋದಲ್ವಾ' ಅಂತ ಪಕ್ಕಕ್ಕೆ ತಳ್ಳಿದರು. ಮೆಷಿನ್ನಿನ ಮೆಮೊರಿ ತೋರಿಸಿದೆ. 'ಇದು ನಿಮ್ಮ ಹೆಂಡತಿ ಬಿಪಿನೋ ಏನೋ, ಯಾರಿಗೆ ಗೊತ್ತು' ಅಂದರು. ಆಸ್ಪತ್ರೆ ನೋಡಿದರೆ ಸಾಕು ಬಿಪಿ ಏರುವವರಿಗೆ ಅಂತಲೇ ದಿನಪೂರ್ತಿ ಕಟ್ಟಿಕೊಂಡು ಓಡಾಡುವ ಮೆಷಿನ್ ಇದೆಯಲ್ಲ, ಅದಾದರೂ ಬರೆದುಕೊಡಿ ಅಂದೆ. ತಲೆಯೇ ಎತ್ತಲಿಲ್ಲ. ಅಲ್ಲ ಕಣ್ರೀ, ಎದುರಿಗೆ ಕೂತ ಮನುಷ್ಯನ ಕೆಲಸ ಹೋಗುವ ಪ್ರಶ್ನೆ ಇದು. ಆ ಕೋಣೆಗೆ ಕಾಲಿಟ್ಟರೆ ಎದೆ ಡವಗುಟ್ಟದೆ ಇರುತ್ತಾ?

ಇನ್ನು ಈ ಕೆಲಸ ಬಿಪಿಗೆ ಏನು ಮಾಡುತ್ತದೆ ಅಂತ ಯಾರೂ ಕೇಳಲ್ಲ. ದಿನಕ್ಕೆ ಹತ್ತು ಗಂಟೆ ಕೂತೇ ಇರಬೇಕು. ನಿದ್ದೆ ತುಂಡು ತುಂಡು. ಸಿಕ್ಕಿದಲ್ಲಿ ಊಟ, ಅದರಲ್ಲಿ ಉಪ್ಪು ಎಷ್ಟು ಅಂತ ಅಡುಗೆಯವನಿಗೇ ಗೊತ್ತಿರಲ್ಲ. ಸೊಂಟ ನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ನುಂಗುತ್ತಲೇ ಇರುತ್ತೇವೆ, ಅದೂ ಬಿಪಿ ಏರಿಸುತ್ತದೆ ಅಂತ ನನಗೆ ಗೊತ್ತಾಗಿದ್ದು ಮೊನ್ನೆ. 'ನೋವಿನ ಮಾತ್ರೆ ತಗೋತೀರಾ' ಅಂತ ಸರ್ಟಿಫಿಕೇಟ್ ಕೊಡುವವರು ಇವತ್ತಿನವರೆಗೂ ಕೇಳಿಲ್ಲ. ಕುಡಿಯೋದು ಮಾತ್ರ ಮೂರು ಸಲ ಕೇಳಿದರು.

ಬಿಪಿ ಮಾತ್ರೆಯ ಕಥೆಯೂ ಇದೆ. ಮೊದಲು ಕೊಟ್ಟಿದ್ದು ನೀರು ಹೊರಹಾಕುವ ಮಾತ್ರೆ. ಬೆಳಗ್ಗೆ ನುಂಗಿ ಗಾಡಿ ಹತ್ತಿದರೆ ಎರಡು ಗಂಟೆಯಲ್ಲಿ ನಾಲ್ಕು ಸಲ ಇಳಿಯಬೇಕು. ಇಪ್ಪತ್ತು ಟನ್ ಗಾಡಿಯನ್ನು ಬೈಕಿನ ಹಾಗೆ ಎಲ್ಲೆಂದರಲ್ಲಿ ನಿಲ್ಲಿಸೋಕಾಗುತ್ತಾ? ಹೀಗಾಗಿ ಟ್ರಿಪ್ ಇದ್ದ ದಿನ ಬಿಟ್ಟುಬಿಡುತ್ತಿದ್ದೆ. ಟ್ರಿಪ್ ಇಲ್ಲದ ದಿನ ಯಾವುದು? ಅದು ನನ್ನ ತಪ್ಪು, ಒಪ್ಪುತ್ತೇನೆ. ಆಮೇಲೆ ಅಮ್ಲೋಡಿಪಿನ್. ಅದು ಹಿಡಿಸಿತು, ಆದರೆ ಸಂಜೆ ಹೊತ್ತಿಗೆ ಪಾದ ಊದಿ ಶೂ ಬಿಗಿಯಾಗುತ್ತಿತ್ತು. ನಮ್ಮ ಡಾಕ್ಟ್ರಿಗೆ ಹೇಳಿದೆ, ಡೋಸ್ ಇಳಿಸಿ ಜೊತೆಗೆ ಇನ್ನೊಂದು ಕೊಟ್ಟರು. ಈಗ ಪರವಾಗಿಲ್ಲ. ಹೇಳಿಕೊಂಡರೆ ದಾರಿ ಸಿಗುತ್ತದೆ. ಆದರೆ ಹೇಳಿಕೊಂಡರೆ ಕೆಲಸ ಹೋಗುತ್ತದೆ ಅಂತ ಹೆದರಿಸಿಟ್ಟಿದ್ದಾರಲ್ಲ, ಯಾವ ಡ್ರೈವರ್ ಬಾಯಿ ಬಿಡುತ್ತಾನೆ?

ನನ್ನ ಜೊತೆಯವನೊಬ್ಬ ಇದ್ದಾನೆ. ವರ್ಷವಿಡೀ ಮಾತ್ರೆ ಮುಟ್ಟಲ್ಲ. ಪರೀಕ್ಷೆಯ ದಿನ ಬೆಳಗ್ಗೆ ಅಣ್ಣನ ಡಬ್ಬಿಯಿಂದ ಎರಡೆರಡು ನುಂಗಿ ಹೋದ. ಬಿಪಿ ಚೆನ್ನಾಗಿ ಬಂತು, ಸಹಿ ಬಿತ್ತು. ಮಧ್ಯಾಹ್ನ ಕ್ಯಾಬಿನ್ನಿನಿಂದ ಇಳಿಯುವಾಗ ಕಣ್ಣು ಕತ್ತಲೆ ಬಂದು, ಮೆಟ್ಟಿಲಲ್ಲೇ ಕುಸಿದು ಕೂತ. ಕ್ಲೀನರ್ ಹುಡುಗ ಹಿಡಿದುಕೊಂಡಿದ್ದಕ್ಕೆ ತಲೆ ಉಳಿಯಿತು. ಕಾಗದದ ಪ್ರಕಾರ ಅವನು ಫಿಟ್. ಮೂರು ವಾರ ನೋಟ್‌ಬುಕ್ ಬರೆದ ನಾನು ಮನೆಯಲ್ಲಿ ಕೂತಿದ್ದೇನೆ. ನಿಮ್ಮ ಕಾರಿನ ಹಿಂದೆ ನಮ್ಮಿಬ್ಬರಲ್ಲಿ ಯಾರಿರಬೇಕು, ನೀವೇ ಹೇಳಿ.

ಓನರ್ ಆಗಲೇ ಬದಲಿ ಡ್ರೈವರ್ ಹುಡುಕಿದ್ದಾರೆ. 'ನಿಂದು ಸರಿಯಾದ ಮೇಲೆ ಬಾ' ಅಂದರು. ಆ ಮಾತಿನ ಅರ್ಥ ಈ ಲೈನಿನಲ್ಲಿ ಇರುವವರಿಗೆಲ್ಲ ಗೊತ್ತು.

ಸೋಮವಾರ ಮತ್ತೆ ಹೋಗಬೇಕು. ಹಿಂದಿನ ರಾತ್ರಿ ಗಾಡಿ ಇಲ್ಲವಲ್ಲ, ನಿದ್ದೆಯಾದರೂ ಆಗಿರುತ್ತದೆ. ನನ್ನ ಮೆಷಿನ್, ನನ್ನ ದೊಡ್ಡ ಪಟ್ಟಿ ಎರಡೂ ಬ್ಯಾಗಿಗೆ ಹಾಕಿಟ್ಟಿದ್ದೇನೆ. ಅರ್ಧ ತೋಳಿನ ಅಂಗಿ ಇಸ್ತ್ರಿ ಮಾಡಿಸಿದ್ದೇನೆ. ಹೋದ ತಕ್ಷಣ ಮೊದಲು ಟಾಯ್ಲೆಟ್ ಎಲ್ಲಿದೆ ಅಂತ ಕೇಳುತ್ತೇನೆ, ಸಾಲು ತಪ್ಪಿದರೂ ಚಿಂತೆಯಿಲ್ಲ. ಆಮೇಲೆ ಕುರ್ಚಿ ಕೇಳುತ್ತೇನೆ. ಪಟ್ಟಿ ಕಟ್ಟಿದ ಮೇಲೆ ಅವರು ಏನೇ ಕೇಳಲಿ, ಗಾಳಿ ಪೂರ್ತಿ ಇಳಿಯುವ ತನಕ ಬಾಯಿ ತೆಗೆಯಲ್ಲ.