ಕೂಸಿನ ಕೈ ಕಡೆನೂ ಸ್ವಲ್ಪ ನೋಡ್ರಿ

ನಮ್ಮ ಕಲಬುರಗಿ ಕಡೆ ಸಣ್ಣ ಕೂಸು ಇರುವ ಮನೆಗೆ ಯಾರೇ ಬಂದರೂ ಏನು ಕೇಳುತ್ತಾರೆ ಅಂತ ಮೊದಲೇ ಗೊತ್ತಿರುತ್ತದೆ. ಬೋರಲು ಬಿತ್ತಾ? ಕೂಡ್ತದಾ? ನಿಲ್ಲಾಕತ್ತದೇನು? ವರ್ಷ ತುಂಬಾಕ ಬಂತು, ಇನ್ನಾ ನಡೀವಲ್ದಾ? ಎಲ್ಲಾ ಕಾಲಿನ ಲೆಕ್ಕ. ಬೆರಳು ಏನು ಮಾಡ್ತಿವೆ ಅಂತ ಕೇಳಿದವರನ್ನು ನಾನಂತೂ ನೋಡಿಲ್ಲ.

ನಮ್ಮ ಅಣ್ಣನ ಮಗಳಿಗೆ ಈಗ ಹತ್ತು ತಿಂಗಳು. ವೈನಿ ಕೆಲಸಕ್ಕೆ ಹೋದ ಮೇಲೆ ಅವಳು ನನ್ನ ಮತ್ತು ಅವ್ವನ ಪಾಲು. ದಿನವಿಡೀ ಅವಳನ್ನು ನೋಡ್ತಾ ನೋಡ್ತಾ ನನಗೆ ಅನಿಸಿದ್ದು ಇದು: ಮೊದಲ ವರ್ಷದಲ್ಲಿ ಕೈ ಕಲಿಯುವಷ್ಟನ್ನು ಕಾಲು ಕಲಿಯುವುದಿಲ್ಲ. ನಾವು ಆ ಕೈಯನ್ನೇ ಕಟ್ಟಿ ಹಾಕುತ್ತೇವೆ.

ಕೈಗವಸಿನಿಂದಲೇ ಶುರು ಮಾಡ್ತೀನಿ. ಕೂಸು ನೋಡಲು ಬರುವವರು ತರುವ ಸೆಟ್ಟಿನಲ್ಲಿ ಟೋಪಿ, ಕಾಲುಚೀಲದ ಜೊತೆ ಅದು ಇದ್ದೇ ಇರುತ್ತದೆ. ಬೇಸಿಗೆಯಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು. ದೊಡ್ಡವರು ಅಂಗಿ ಬಿಚ್ಚಿ ಮಾಳಿಗೆ ಮೇಲೆ ಮಲಗುತ್ತಾರೆ, ಕೂಸಿಗೆ ಮಾತ್ರ ಕೈಗವಸು! ಕೇಳಿದರೆ ಮುಖ ಪರಚಿಕೊಳ್ಳುತ್ತದೆ ಅನ್ನುತ್ತಾರೆ. ನಿದ್ದೆ ಮಾಡುವಾಗ ಉಗುರು ಕತ್ತರಿಸಿದರೆ ಆಯ್ತಲ್ವಾ? ತೂಕ ಕಡಿಮೆ ಇದ್ದು, ಬೆಚ್ಚಗಿಡಿ ಅಂತ ಡಾಕ್ಟರು ಹೇಳಿದ್ದರೆ ಆ ಮಾತು ಬೇರೆ. ಉಳಿದಂತೆ ಎಚ್ಚರ ಇರುವಾಗ ಕೈ ಬಿಚ್ಚಿರಬೇಕು. ಕೂಸು ತನ್ನ ಕೈಯನ್ನೇ ಕಣ್ಣೆದುರು ಹಿಡಿದು ನೋಡಬೇಕು, ಬಾಯಿಗಿಟ್ಟು ಚೀಪಬೇಕು. ಅದು ಕೆಟ್ಟ ಚಟ ಅಲ್ಲ, ನನಗೊಂದು ಕೈ ಇದೆ ಅಂತ ಅದಕ್ಕೆ ಗೊತ್ತಾಗುವುದೇ ಹಾಗೆ.

ಹುಟ್ಟಿದ ಕೂಸಿನ ಅಂಗೈಗೆ ಬೆರಳಿಟ್ಟರೆ ಗಟ್ಟಿಯಾಗಿ ಹಿಡಿಯುತ್ತದೆ. 'ನೋಡ್ರಿ, ಅತ್ತಿ ಖೂನ ಹಿಡೀತು' ಅಂತ ನಮ್ಮ ಮನೆಯಲ್ಲೂ ಕುಣಿದಾಡಿದ್ದರು. ನಿಜ ಹೇಳಬೇಕೆಂದರೆ ಆಗ ಅದಕ್ಕೆ ಅತ್ತಿಯೂ ಗೊತ್ತಿಲ್ಲ, ಮುತ್ಯಾನೂ ಗೊತ್ತಿಲ್ಲ. ಅಂಗೈ ಮುಟ್ಟಿದರೆ ಬೆರಳು ತಾನಾಗೇ ಮುಚ್ಚಿಕೊಳ್ಳುತ್ತದೆ, ಅಷ್ಟೇ. ಐದಾರು ತಿಂಗಳೊಳಗೆ ಆ ತಾನಾಗಿ ಹಿಡಿಯುವುದು ಹೋಗುತ್ತದೆ, ಬೇಕು ಅಂತ ಹಿಡಿಯುವುದು ಬರುತ್ತದೆ. ಎರಡು ತಿಂಗಳ ಹೊತ್ತಿಗೆ ಮುಷ್ಟಿ ಆಗಾಗ ಬಿಚ್ಚುತ್ತದೆ. ನಾಲ್ಕಕ್ಕೆ ಗಿಲಕಿ ಕೊಟ್ಟರೆ ಹಿಡಿದುಕೊಳ್ಳುತ್ತದೆ. ಆರಕ್ಕೆ ತಾನೇ ಕೈ ಚಾಚಿ ಅವ್ವನ ಕಿವಿಯೋಲೆ ಎಳೆಯುತ್ತದೆ. ಒಂಬತ್ತರ ಹೊತ್ತಿಗೆ ಈ ಕೈಯಲ್ಲಿದ್ದದ್ದನ್ನು ಆ ಕೈಗೆ ಕೊಡುತ್ತದೆ.

ನಾನು ಕೂತು ನೋಡಿದ್ದು ಆಮೇಲಿನದು. ನಮ್ಮದು ಶಹಾಬಾದ ಪರ್ಸಿ ಹಾಸಿದ ಮನೆ. ಆ ಬೂದು ನೆಲದ ಮೇಲೆ ಜೋಳದ ರೊಟ್ಟಿಯ ಚೂರು ಬಿದ್ದರೆ ಅವಳಿಗೆ ಅದು ದೂರದಿಂದಲೇ ಕಾಣುತ್ತದೆ. ಮೊದಮೊದಲು ಐದೂ ಬೆರಳು ಹರಡಿ ಬಾಚಿ ಎಳೆದುಕೊಳ್ಳುತ್ತಿದ್ದಳು. ಚೂರು ಕಿರುಬೆರಳಿನ ಸಂದಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತಿತ್ತು, ಮುಷ್ಟಿ ಬಾಯಿಗೆ ಒಯ್ದರೆ ಒಳಗೇನೂ ಇಲ್ಲ. ಆಮೇಲೆ ಹಿಡಿತ ಹೆಬ್ಬೆರಳಿನ ಕಡೆ ಸರಿಯಿತು. ಈಗ ತೋರುಬೆರಳೊಂದನ್ನೇ ಮುಂದೆ ಮಾಡಿ ಮೊದಲು ಚುಚ್ಚಿ ನೋಡುತ್ತಾಳೆ. ಮುಂಗೈಯನ್ನು ನೆಲಕ್ಕೆ ಊರುತ್ತಾಳೆ. ಹೆಬ್ಬೆರಳು ನಿಧಾನ ಹತ್ತಿರ ತರುತ್ತಾಳೆ. ಉಸಿರು ಬಿಗಿಹಿಡಿದಿರುತ್ತಾಳೆ, ಜೊಲ್ಲು ಸುರಿಯುತ್ತಿರುತ್ತದೆ. ಚೂರು ಎದ್ದು ಬಂತೋ, ಸುತ್ತ ಎಲ್ಲರ ಮುಖ ನೋಡುತ್ತಾಳೆ. ಮುಂದೆ ಪೆನ್ನು ಹಿಡಿಯುವುದು, ಗುಂಡಿ ಹಾಕುವುದು, ಸೂಜಿಗೆ ದಾರ ಪೋಣಿಸುವುದು, ಎಲ್ಲಾ ಈ ಎರಡು ಬೆರಳಿನಿಂದಲೇ ಆಗಬೇಕು.

ಹಿಡಿದದ್ದನ್ನು ಬಿಡುವುದು ಇನ್ನೂ ಕಷ್ಟ. ಬೇಕೆಂದಾಗ ಬೆರಳು ಬಿಚ್ಚುವುದು ತಡವಾಗಿ ಬರುವ ವಿದ್ಯೆ. ಚಮಚ ಕೆಳಗೆ ಬಿಸಾಡುತ್ತದೆ, ಎತ್ತಿಕೊಟ್ಟರೆ ಮತ್ತೆ ಬಿಸಾಡುತ್ತದೆ ಅಂತ ಬೈಯುತ್ತೀವಲ್ಲ, ಅದು ಹಟ ಅಲ್ಲ, ಅಭ್ಯಾಸ. ವರ್ಷದ ಹೊತ್ತಿಗೆ ಅದೇ ಕೈ ಬಟ್ಟಲನ್ನು ಡಬ್ಬಿಯೊಳಗೆ ಹಾಕುತ್ತದೆ. ಎತ್ತಿಕೊಡುವವರ ಬೆನ್ನು ನೋಯುವುದು ನಿಜ, ನನ್ನದೂ ನೋಯುತ್ತದೆ.

ಇದಕ್ಕೆಲ್ಲಾ ದುಡ್ಡು ಕೊಟ್ಟು ಆಟಿಗೆ ತರಬೇಕಾಗಿಲ್ಲ. ಸೂಪರ್ ಮಾರ್ಕೆಟ್ ಕಡೆ ಹೋದರೆ 'ಬುದ್ಧಿ ಬೆಳೆಸುವ' ಆಟಿಗೆ ಅಂತ ಏನೇನೋ ತೋರಿಸುತ್ತಾರೆ. ಒಂದು ತಾಟು, ಎರಡು ಸ್ಟೀಲ್ ಬಟ್ಟಲು, ಹಳೇ ಸೀರೆಯ ತುಂಡು ಸಾಕು. ಊಟವೂ ಕೈಗೆ ಕೆಲಸವೇ. ಆರು ತಿಂಗಳು ದಾಟಿ, ಆಸರೆ ಕೊಟ್ಟರೆ ನೆಟ್ಟಗೆ ಕೂಡುವ ಕೂಸಿನ ಮುಂದೆ ಬೇಳೆಕಟ್ಟಿನಲ್ಲಿ ನೆನೆದ ರೊಟ್ಟಿ, ಮೆತ್ತಗೆ ಬೆಂದ ಗಜ್ಜರಿ, ಬಾಳೆಹಣ್ಣು ಇಡಿ. ಮೈಗೆ, ನೆಲಕ್ಕೆ, ತಲೆಗೂದಲಿಗೆ ಮೆತ್ತಿಕೊಳ್ಳಲಿ. ನಾವು ಮಾಡುವುದೇನು? ಕೈ ಎರಡೂ ಹಿಡಿದು, ಮೊಬೈಲ್ ಹಚ್ಚಿ, ಬಾಯಿಗೆ ತುರುಕುತ್ತೇವೆ. ಒಂದು ವರ್ಷದೊಳಗಿನ ಮಕ್ಕಳಿಗೆ ಸ್ಕ್ರೀನ್ ಬೇಡವೇ ಬೇಡ ಅಂತ ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ಇನ್ನೂ ಅಂಬೆಗಾಲಿಡದ ಕೂಸು ಎಚ್ಚರ ಇರುವಾಗ ದಿನಕ್ಕೆ ಒಟ್ಟು 30 ನಿಮಿಷವಾದರೂ ಬೋರಲು ಇರಲಿ ಅಂತಲೂ ಅಲ್ಲೇ ಇದೆ. ಭುಜ ಗಟ್ಟಿಯಾಗದೆ ಬೆರಳು ಗಟ್ಟಿಯಾಗದು. ಎಣ್ಣೆ ನೀವುವಾಗ ಅವ್ವ ಕಾಲ ಮೇಲೆ ಬೋರಲು ಹಾಕಿಕೊಳ್ಳುತ್ತಾಳಲ್ಲ, ಅಲ್ಲಿಂದಲೇ ಶುರುವಾಗಿರುತ್ತದೆ.

ವಾಕರ್ ಬಗ್ಗೆ ಜಾಸ್ತಿ ಹೇಳಲ್ಲ. ಕೆನಡಾದಲ್ಲಿ 2004ರಿಂದ ಅದನ್ನು ಮಾರುವುದೇ ನಿಷೇಧ. ಅದರಲ್ಲಿ ಕೂತ ಕೂಸಿನ ಕೈಗೆ ನೆಲ ಎಟಕುವುದಿಲ್ಲ, ಅದೂ ಒಂದು ನಷ್ಟ.

ಆದರೆ ಕೈ ಚುರುಕಾದಂತೆ ಅಪಾಯವೂ ಬಂತು. ನಮ್ಮದು ತೊಗರಿ ನಾಡು. ರಾಶಿ ಮುಗಿದು ಚೀಲ ಮನೆಗೆ ಬಂದ ಮೇಲೆ ಮೂಲೆ ಮೂಲೆಯಲ್ಲಿ ಕಾಳು. ಅದೇ ಹೊತ್ತಿಗೆ ಸಂಕ್ರಾಂತಿ. ಕೂಸನ್ನು ಕೂಡಿಸಿ ಬಾರೆಹಣ್ಣು, ಚುರುಮುರಿ, ಕಬ್ಬಿನ ತುಂಡು, ನಾಣ್ಯ ತಲೆ ಮೇಲೆ ಎರೆಯುತ್ತಾರೆ. ಫೋಟೋ ಚೆಂದ ಬರುತ್ತದೆ. ಆದರೆ ಹತ್ತು ತಿಂಗಳ ಕೂಸಿಗೆ ಅದೆಲ್ಲಾ ಎತ್ತಿ ಬಾಯಿಗಿಟ್ಟುಕೊಳ್ಳುವ ಸಾಮಾನು. ಎರೆಯಿರಿ, ಬೇಡ ಅನ್ನಲ್ಲ. ಎರೆದ ಕೂಡಲೇ ಕೂಸನ್ನು ಎತ್ತಿಕೊಂಡು ಆಮೇಲೆ ಆರಿಸಿಕೊಳ್ಳಿ. ಶೇಂಗಾ, ಪುಟಾಣಿ, ಕಾಳು ಉಸಿರಿನ ಕೊಳವೆಗೆ ಹೋದರೆ ಜೀವಕ್ಕೇ ಕುತ್ತು. ರಿಮೋಟಿನೊಳಗಿನ ಗುಂಡಿಯಂಥ ಚಪ್ಪಟೆ ಸೆಲ್ ಗಂಟಲಲ್ಲಿ ನಿಂತರೆ ಎರಡು ಗಂಟೆಯೊಳಗೇ ಅನ್ನನಾಳ ಸುಡಬಲ್ಲದು. ನುಂಗಿದೆ ಅಂತ ಅನುಮಾನ ಬಂದರೂ ಕಾಯಬೇಡಿ, ನೇರ ಆಸ್ಪತ್ರೆಗೆ ಓಡಿ. ಗಂಟಲಿಗೆ ಸಿಕ್ಕಿ ಉಸಿರಾಟ ನಿಂತಂತಾದರೆ ಕಾಣದ್ದನ್ನು ತಡಕಾಡಲು ಬಾಯಿಗೆ ಬೆರಳು ಹಾಕಬೇಡಿ. ಇನ್ನಷ್ಟು ಒಳಗೆ ಹೋಗುತ್ತದೆ. ಮುಂಗೈ ಮೇಲೆ ಬೋರಲು ಹಾಕಿ, ತಲೆ ತಗ್ಗಿಸಿ, ಹೆಗಲೆಲುಬಿನ ನಡುವೆ ಐದು ಸಲ ಬಡಿಯಿರಿ. ಬರದಿದ್ದರೆ ತಿರುಗಿಸಿ, ಎದೆಯ ನಡುವೆ ಒಂದು ಅಂಗೈಯ ಬುಡದಿಂದ ಐದು ಸಲ ಒತ್ತಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.

ಪಕ್ಕದ ಮನೆ ಕೂಸಿನ ಜೊತೆ ಹೋಲಿಕೆ ಮಾತ್ರ ಬೇಡ. ತಿಂಗಳು ಹಿಂದೆ ಮುಂದೆ ಆಗುತ್ತದೆ. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿ, ಕೂಸು ಯಾವ ವಯಸ್ಸಿಗೆ ಏನು ಮಾಡುತ್ತದೆ ಅನ್ನುವ ತನ್ನ ಪಟ್ಟಿಯನ್ನು 2022ರಲ್ಲಿ ತಿದ್ದಿದಾಗ, 100ರಲ್ಲಿ 75 ಮಕ್ಕಳಾದರೂ ಆ ವಯಸ್ಸಿಗೆ ಮಾಡುವುದನ್ನೇ ಬರೆದಿತ್ತು. ಅವಧಿಗೆ ಮೊದಲೇ ಹುಟ್ಟಿದ ಕೂಸಿಗೆ ಅಷ್ಟು ವಾರ ಕಳೆದು ಲೆಕ್ಕ ಹಾಕಬೇಕು.

ಆದರೂ ಕೆಲವು ವಿಷಯಕ್ಕೆ 'ಆಮೇಲೆ ಸರಿ ಹೋಗ್ತದ ಬಿಡ್ರಿ' ಅನ್ನಬಾರದು. ನಾಲ್ಕು ತಿಂಗಳಾದರೂ ಹೆಬ್ಬೆರಳು ಒಳಗಿಟ್ಟು ಮುಷ್ಟಿ ಸದಾ ಬಿಗಿ ಇದ್ದರೆ ತೋರಿಸಿ. ವರ್ಷದೊಳಗೇ ಒಂದೇ ಕೈ ಬಳಸುತ್ತಿದ್ದರೆ ಖಂಡಿತ ತೋರಿಸಿ. 'ಎಡಚ ಆಗ್ತಾನ' ಅಂತ ನಗುತ್ತಾರೆ. ಇಷ್ಟು ಬೇಗ ಎಡಚ, ಬಲಚ ಗಟ್ಟಿಯಾಗುವುದಿಲ್ಲ. ಇನ್ನೊಂದು ಕೈಯಲ್ಲಿ ಬಲ ಇಲ್ಲದಿರಬಹುದು, ಅದನ್ನು ಬೇಗ ಹಿಡಿದರೆ ಥೆರಪಿಯಿಂದ ತುಂಬಾ ಲಾಭ ಇದೆ. 3, 6, 9, 12ನೇ ತಿಂಗಳಿಗೆ ಆಶಾ ಅಕ್ಕ ಮನೆಗೆ ಬರಬೇಕು ಅಂತ ಸರ್ಕಾರದ ಲೆಕ್ಕದಲ್ಲಿದೆ, ಅವರಿಗೆ ಹೇಳಿ. 2013ರಿಂದ ಇರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ತಪಾಸಣೆ ಪುಕ್ಕಟೆ. ಒಂಬತ್ತು ತಿಂಗಳಿಗೆ ದಡಾರ ಲಸಿಕೆಗೆ ಹೋದಾಗ ತಾಯಿ ಕಾರ್ಡ್ ಜೊತೆ ಒಂದು ಸಣ್ಣ ಬಟ್ಟಲೂ ಒಯ್ಯಿರಿ. ಸೂಜಿ ಚುಚ್ಚುವ ಮೊದಲೇ, ಕೂಸು ಅಳುವ ಮೊದಲೇ, ಎರಡೂ ಕೈಯಲ್ಲಿ ಹೇಗೆ ಹಿಡಿಯುತ್ತದೆ ಅಂತ ಡಾಕ್ಟರಿಗೆ ತೋರಿಸಿ.