ಒಡವೆ ಹಾಳಾಗುವುದು ಪೆಟ್ಟಿಗೆಯೊಳಗೇ

ಅಮ್ಮನ ಮುತ್ತಿನ ಸರವನ್ನು ಒಂಬತ್ತು ವರ್ಷಗಳ ಮೇಲೆ ಕಳೆದ ವಾರ ಹೊರಗೆ ತೆಗೆದೆವು. ಹತ್ತಿಯಲ್ಲಿ ಸುತ್ತಿ, ಅದನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ, ಕವರಿನ ಬಾಯಿಗೆ ರಬ್ಬರ್ ಬ್ಯಾಂಡ್ ಬಿಗಿದು, ಬೆಳ್ಳಿ ಕಾಲ್ಗೆಜ್ಜೆ ಇದ್ದ ಡಬ್ಬಿಯಲ್ಲೇ ಇಟ್ಟು, ಆ ಡಬ್ಬಿಯನ್ನು ಬೀರುವಿನ ಒಳಖಾನೆಯಲ್ಲಿ ಬೀಗ ಹಾಕಿ ಇಟ್ಟಿದ್ದಳು. ಅಷ್ಟು ಜೋಪಾನ. ಕವರು ಬಿಚ್ಚಿ ಸರವನ್ನು ಎರಡು ಬೆರಳಲ್ಲಿ ಎತ್ತಿದ್ದೇ ತಡ, ದಾರ ತುಂಡಾಗಿ ಮುತ್ತುಗಳೆಲ್ಲ ನೆಲದ ತುಂಬ ಉರುಳಿದವು. ಮಂಚದ ಕೆಳಗೆ, ಬಾಗಿಲ ಸಂದಿಯಲ್ಲಿ ಹುಡುಕಿ ಹುಡುಕಿ ಆರಿಸಿದೆವು. ಎರಡು ಇನ್ನೂ ಸಿಕ್ಕಿಲ್ಲ.

ಆರಿಸಿದವನ್ನು ಬಿಳಿ ಬಟ್ಟೆಯ ಮೇಲೆ ಹರಡಿ ಕಿಟಕಿ ಬೆಳಕಿನಲ್ಲಿ ನೋಡಿದರೆ ಕೆಲವು ಹಳದಿಗೆ ತಿರುಗಿದ್ದವು, ಕೆಲವಕ್ಕೆ ಹೊಳಪೇ ಇರಲಿಲ್ಲ, ಸೀಮೆಸುಣ್ಣ ಸವರಿದ ಹಾಗೆ ಪೇಲವ. ರಂಧ್ರದ ಸುತ್ತ ಕಂದು ಬಣ್ಣದ ಉಂಗುರ. ಅಮ್ಮ ಒಂದನ್ನು ಅಂಗೈಯಲ್ಲಿಟ್ಟುಕೊಂಡು, "ಹಾಕ್ಕೊಂಡ್ರೆ ಹಾಳಾಗತ್ತೆ ಅಂತ ತೆಗೆದಿಟ್ಟೆ ಕಣೇ" ಅಂದಳು. ಆ ಮಾತು ನನಗೆ ತುಂಬ ನೋವು ಕೊಟ್ಟಿತು. ಅವತ್ತಿನಿಂದ ಇದನ್ನು ಬರೆಯಬೇಕು ಅನ್ನಿಸುತ್ತಿದೆ. ನಾವು ಒಡವೆ ಕಳೆದುಹೋದೀತು, ಕಳುವಾದೀತು ಅಂತ ಹೆದರುತ್ತೇವೆ. ಇಟ್ಟಲ್ಲೇ, ನಮ್ಮ ಕೈಯಾರೆ ಇಟ್ಟ ರೀತಿಯಿಂದಲೇ ಅದು ಹಾಳಾಗುತ್ತಿರುತ್ತದೆ ಅನ್ನುವುದು ಹೊಳೆಯುವುದೇ ಇಲ್ಲ.

ಮುತ್ತು ಕಲ್ಲಲ್ಲ. ಚಿಪ್ಪಿನ ಜೀವಿ ಪದರದ ಮೇಲೆ ಪದರ ಕಟ್ಟಿ ಬೆಳೆಸಿದ ವಸ್ತು. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್, ಅದನ್ನು ಬೆಸೆದು ಹಿಡಿಯಲು ಒಂದಿಷ್ಟು ಪ್ರೋಟೀನು, ಜೊತೆಗೆ ಚೂರು ನೀರಿನ ಅಂಶ. ಕ್ಯಾಲ್ಸಿಯಂ ಕಾರ್ಬೊನೇಟ್ ಅಂದಮೇಲೆ ಆಮ್ಲ ತಾಗಿದರೆ ಕರಗುತ್ತದೆ. ಬೆವರಿನಲ್ಲಿ ತುಸು ಆಮ್ಲ ಇದೆ, ಸೆಂಟಿನಲ್ಲಿ, ಹೇರ್ ಸ್ಪ್ರೇಯಲ್ಲಿ ಅದಕ್ಕೆ ಆಗದ ರಾಸಾಯನಿಕಗಳಿವೆ. ಒಂಬತ್ತು ವರ್ಷದ ಹಿಂದೆ ಕೊನೆಯ ಸಲ ಹಾಕಿಕೊಂಡು ಬಂದವಳು ಒರೆಸದೆ ಹಾಗೇ ಸುತ್ತಿಟ್ಟಿರಬೇಕು. ಅವತ್ತಿನ ಬೆವರು ಅಷ್ಟೂ ವರ್ಷ ಆ ದಾರದಲ್ಲೇ ಕೂತಿತ್ತು. ಮುತ್ತನ್ನು ಹಾಕಿಕೊಂಡು ಬಂದ ತಕ್ಷಣ ಮೆತ್ತನೆಯ, ನೀರು ಹಿಂಡಿದ ಬಟ್ಟೆಯಲ್ಲಿ ಒರೆಸಿ, ದಾರ ಪೂರ್ತಿ ಒಣಗುವ ತನಕ ಬಟ್ಟೆಯ ಮೇಲೆ ಬಿಟ್ಟು, ಆಮೇಲೆ ಎತ್ತಿಡಬೇಕು. ಗಾಳಿಯಾಡದ ಪ್ಲಾಸ್ಟಿಕ್ಕಿನಲ್ಲಿ ಬೇಡ, ಬಟ್ಟೆಯ ಚೀಲದಲ್ಲಿ. ತೂಗುಹಾಕಲೂ ಬಾರದು. ರೇಷ್ಮೆ ದಾರ ಮುತ್ತಿನ ಭಾರಕ್ಕೆ ಜಗ್ಗಿ ಉದ್ದವಾಗುತ್ತದೆ, ಮುತ್ತು ಮುತ್ತಿನ ನಡುವೆ ಸಂದು ಬಿಡುತ್ತದೆ, ಹರಿಯಲು ಅಷ್ಟು ಸಾಕು. ಚಪ್ಪಟೆಯಾಗಿ ಮಲಗಿಸಿಡುವುದೇ ಸರಿ.

ಇನ್ನು ಆ ದೊಡ್ಡ ಒಡವೆ ಪೆಟ್ಟಿಗೆ. ಮುಚ್ಚಳ ತೆಗೆದರೆ ಉಂಗುರ, ಸರ, ಓಲೆ, ಬಳೆ ಎಲ್ಲ ಒಂದರ ಮೇಲೊಂದು. ನನ್ನದೂ ಹಾಗೇ ಇತ್ತು. 1812ರಲ್ಲಿ ಫ್ರೀಡ್ರಿಕ್ ಮೋಸ್ ಎಂಬ ಜರ್ಮನ್ ಖನಿಜ ವಿಜ್ಞಾನಿ ಯಾವ ಖನಿಜ ಯಾವುದನ್ನು ಗೀಚುತ್ತದೆ ಎಂದು ನೋಡಿ 1ರಿಂದ 10ರ ಅಳತೆ ಮಾಡಿದ, ಅಂಕಿ ಹೆಚ್ಚಾದಷ್ಟೂ ಗಟ್ಟಿ. ವಜ್ರ 10. ಮಾಣಿಕ್ಯ, ನೀಲ 9. ಪಚ್ಚೆ 7.5ರಿಂದ 8. ಹವಳ 3ರಿಂದ 4. ಚಿನ್ನ, ಬೆಳ್ಳಿ 2.5ರಿಂದ 3ರ ಆಸುಪಾಸು. ಮುತ್ತು 2.5ರಿಂದ 4.5. ಅಂದರೆ ವಜ್ರದ ಓಲೆಯೊಂದು ಆ ಪೆಟ್ಟಿಗೆಯಲ್ಲಿದ್ದರೆ ಉಳಿದ ಎಲ್ಲವನ್ನೂ ಅದು ಗೀಚಬಲ್ಲದು, ಇನ್ನೊಂದು ವಜ್ರವನ್ನೂ ಸೇರಿಸಿ. ಪ್ರತಿ ಸಲ ಖಾನೆ ಎಳೆದು ತಳ್ಳಿದಾಗಲೂ ಒಳಗೆ ಉಜ್ಜಾಟ ನಡೆಯುತ್ತದೆ. ನನ್ನ ಚಿನ್ನದ ಬಳೆಯ ಒಂದೇ ಬದಿಯಲ್ಲಿ ಕೂದಲೆಳೆಯಂಥ ಗೀರುಗಳಿದ್ದವು. ಕೈಯಲ್ಲಿ ಹಾಕಿಕೊಂಡಾಗ ಆದದ್ದು ಅಂದುಕೊಂಡಿದ್ದೆ. ಬಳೆಯನ್ನು ಅದರ ಮಾಮೂಲು ಜಾಗದಲ್ಲಿಟ್ಟು ನೋಡಿದರೆ, ಗೀರು ಬಿದ್ದ ಬದಿ ಪಕ್ಕದ ಹರಳಿನ ಉಂಗುರಕ್ಕೆ ಸರಿಯಾಗಿ ತಾಗುತ್ತಿತ್ತು! ಇನ್ನೊಂದು ವಿಷಯ, ಮನೆಯ ಧೂಳಿನಲ್ಲೂ ಮರಳಿನ ಕಣ ಇರುತ್ತದೆ, ಅದು 7. ಹಾಗಾಗಿ ಧೂಳು ಕೂತ ಹವಳವನ್ನೋ ಮುತ್ತನ್ನೋ ಒಣ ಬಟ್ಟೆಯಲ್ಲಿ ಗಸಗಸ ಉಜ್ಜಬೇಡಿ, ಮೊದಲು ಊದಿ ಅಥವಾ ಮೆತ್ತನೆಯ ಬ್ರಷ್ಷಿನಲ್ಲಿ ಕೊಡವಿ.

ಬೆಳ್ಳಿಯ ಬಗ್ಗೆ ಎಲ್ಲರೂ ಹೇಳುವ ಮಾತು ಒಂದೇ, "ಬೆಳ್ಳಿ ಅಲ್ವಾ, ಕಪ್ಪಾಗತ್ತೆ ಬಿಡಿ." ಬೆಳ್ಳಿ ತಾನಾಗಿ ಕಪ್ಪಾಗುವುದಿಲ್ಲ. ಗಾಳಿಯಲ್ಲಿರುವ ಗಂಧಕದ ಅನಿಲ, ಮುಖ್ಯವಾಗಿ ಹೈಡ್ರೋಜನ್ ಸಲ್ಫೈಡ್, ತಾಗಿ ಮೇಲ್ಮೈಯಲ್ಲಿ ಸಿಲ್ವರ್ ಸಲ್ಫೈಡ್ ಪದರ ಕಟ್ಟುತ್ತದೆ. ತೇವ ಇದ್ದರೆ ಅದು ಇನ್ನೂ ಬೇಗ. ಆ ಗಂಧಕವನ್ನು ಎಷ್ಟೋ ಸಲ ನಾವೇ ಡಬ್ಬಿಯೊಳಗೆ ಇಟ್ಟಿರುತ್ತೇವೆ. ರಬ್ಬರ್ ಬ್ಯಾಂಡಿನಲ್ಲಿ ಗಂಧಕ ಇದೆ, ಉಣ್ಣೆಯಲ್ಲಿದೆ, ಕೆಲವು ರಟ್ಟಿನ ಡಬ್ಬಿ, ಕಾಗದ, ಬಣ್ಣ ಹಾಕಿದ ಬಟ್ಟೆಗಳಲ್ಲೂ ಇರುತ್ತದೆ. ಅಮ್ಮನ ಕಾಲ್ಗೆಜ್ಜೆಯನ್ನು ನಾನೇ ತೆಗೆದು ನೋಡಿದೆ. ಪೂರ್ತಿ ಗೆಜ್ಜೆ ಮಾಸಲಾಗಿತ್ತು, ಆದರೆ ಆ ಕವರಿನ ರಬ್ಬರ್ ಬ್ಯಾಂಡ್ ಒರಗಿದ್ದ ಕಡೆ ಮಾತ್ರ ಇದ್ದಿಲಿನಂತೆ ಕಪ್ಪು ಗೆರೆ, ರಬ್ಬರಿನ ಅಗಲಕ್ಕೆ ಸರಿಯಾಗಿ. ಬೆರಳಿಟ್ಟು ತೋರಿಸುವಷ್ಟು ಸ್ಪಷ್ಟ. ರಬ್ಬರು ಅಂಟಂಟಾಗಿ ಕರಗಿ ಗೆಜ್ಜೆಯ ಕೊಂಡಿಗೆ ಹಿಡಿದುಕೊಂಡಿತ್ತು ಕೂಡ.

ನಾನೀಗ ಮಾಡುತ್ತಿರುವುದು ಹೀಗೆ. ಬೆಳ್ಳಿಯ ಪ್ರತಿ ವಸ್ತುವಿಗೂ ಒಂದೊಂದು ಚಿಕ್ಕ ಜಿಪ್ ಕವರು, ಪಾಲಿಥೀನಿನದು. ಪಿವಿಸಿ ಬೇಡ, ತೆಗೆದಾಗ ಕಟುವಾಸನೆ ಬರುತ್ತದಲ್ಲ, ಆ ತರಹದ್ದು. ಅದು ಹಳತಾದಂತೆ ಬಿಡುವ ಆಮ್ಲ ಲೋಹಕ್ಕೆ ಒಳ್ಳೆಯದಲ್ಲ. ಒಳಗಿನ ಗಾಳಿಯನ್ನು ಒತ್ತಿ ತೆಗೆದು ಜಿಪ್ ಎಳೆಯುವುದು, ಬೆಳ್ಳಿ ಕಪ್ಪಾಗದಂತೆ ಗಂಧಕ ಹೀರುವ ಕಾಗದದ ತುಂಡು ಸಿಕ್ಕರೆ ಒಂದನ್ನು ಒಳಗಿಡುವುದು. ಆಗಲೇ ಕಪ್ಪಾಗಿದ್ದರೆ ಟೂತ್‌ಪೇಸ್ಟ್ ಹಾಕಿ ತಿಕ್ಕುವವರನ್ನು ನೋಡಿದರೆ ಕೈ ಹಿಡಿದು ನಿಲ್ಲಿಸೋಣ ಅನ್ನಿಸುತ್ತದೆ. ಅದರಲ್ಲಿರುವ ಉಜ್ಜುಪುಡಿ ಬೆಳ್ಳಿಯನ್ನೇ ಕೆರೆಯುತ್ತದೆ. ಪಾತ್ರೆಯ ತಳಕ್ಕೆ ಅಲ್ಯೂಮಿನಿಯಂ ಫಾಯಿಲ್ ಹಾಸಿ, ಬೆಳ್ಳಿ ಅದಕ್ಕೆ ತಾಗುವಂತಿಟ್ಟು, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಸುರಿದರೆ ಗಂಧಕ ಬೆಳ್ಳಿಯನ್ನು ಬಿಟ್ಟು ಅಲ್ಯೂಮಿನಿಯಂ ಕಡೆ ಹೋಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಆದರೆ ಹರಳು, ಮುತ್ತು ಕೂರಿಸಿದ್ದಕ್ಕೆ ಇದು ಸಲ್ಲ. ಕುಸುರಿಯ ಸಂದಿಗಳಲ್ಲಿ ಬೇಕೆಂದೇ ಕಪ್ಪು ಬಿಟ್ಟಿರುವ ಕೆಲಸ ಇದ್ದರೂ ಬೇಡ, ಆ ಚೆಂದವೇ ಹೊರಟುಹೋಗುತ್ತದೆ.

ಇಲ್ಲೇ ನಾನೊಂದು ತಪ್ಪು ಮಾಡಿದ್ದೆ. ತೇವ ಹೀರುತ್ತದೆ ಅಂತ ಸಿಲಿಕಾ ಜೆಲ್‌ನ ಪುಟ್ಟ ಪೊಟ್ಟಣಗಳನ್ನು ಕೂಡಿಟ್ಟು ಎಲ್ಲ ಡಬ್ಬಿಗೂ ಹಾಕುತ್ತಾ ಹೋಗಿದ್ದೆ. ಬೆಳ್ಳಿಗೆ, ಗಿಲೀಟಿನ ಒಡವೆಗೆ ಅದು ಸರಿ. ಮುತ್ತಿಗೆ, ಓಪಲ್ ಎಂಬ ಹರಳಿಗೆ ತಪ್ಪು. ಓಪಲ್‌ನಲ್ಲಿ ಸಾಮಾನ್ಯವಾಗಿ ಶೇಕಡಾ 3ರಿಂದ 10ರಷ್ಟು ನೀರೇ ಇರುತ್ತದೆ, ತೀರಾ ಒಣಗಿಸಿದರೆ ಬಿರುಕು ಬಿಡಬಹುದು. ಪಚ್ಚೆಯ ಕಥೆ ಬೇರೆ. ಪಚ್ಚೆಗಳಲ್ಲಿ ಹುಟ್ಟಿನಿಂದಲೇ ಸಣ್ಣ ಬಿರುಕು ಸಾಮಾನ್ಯ, ಅವು ಕಾಣದಿರಲಿ ಎಂದು ಎಣ್ಣೆ ಅಥವಾ ರಾಳ ತುಂಬಿರುತ್ತಾರೆ. ಶಾಖ ತಾಗಿದರೆ ಎಣ್ಣೆ ಆರಿ ಬಿರುಕು ಮತ್ತೆ ಎದ್ದು ಕಾಣುತ್ತದೆ. ಹಾಗಾಗಿ ಎಲ್ಲದಕ್ಕೂ ಒಂದೇ ಡಬ್ಬಿ, ಒಂದೇ ಉಪಚಾರ ಅನ್ನುವುದು ಆಗದ ಮಾತು. ನನ್ನ ಬೀರುವಿನಲ್ಲಿ ಈಗ ಬೆಳ್ಳಿ ಒಂದು ಖಾನೆ, ಮುತ್ತು ಹವಳ ಓಪಲ್ ಇನ್ನೊಂದು, ಚಿನ್ನ ಮತ್ತು ಗಟ್ಟಿ ಹರಳು ಮತ್ತೊಂದು. ಗಿಲೀಟಿನದು ಪೂರ್ತಿ ಬೇರೆ ಪೆಟ್ಟಿಗೆ, ಯಾಕಂದರೆ ಆ ಮೇಲಿನ ಚಿನ್ನದ ಲೇಪ ಅರ್ಧ ಮೈಕ್ರಾನ್‌ಗಿಂತ ತೆಳು ಇರುವುದುಂಟು, ಅದಕ್ಕೆ ಯಾವ ಉಜ್ಜಾಟವೂ ತಡೆಯುವುದಿಲ್ಲ.

ಸರಗಳ ಗಂಟು! ತೆಳು ಸರ ಇಟ್ಟುಕೊಂಡವರಿಗೆಲ್ಲ ಗೊತ್ತು ಅದರ ಕಷ್ಟ. ಅಕ್ಕನ ಮೂರು ಎಳೆ ಸರಗಳು ಒಂದಕ್ಕೊಂದು ಹೆಣೆದುಕೊಂಡು ಕಡಲೆಕಾಳಿನಷ್ಟು ಉಂಡೆಯಾಗಿದ್ದವು. ಎಳೆದರೆ ಇನ್ನೂ ಬಿಗಿ. ಗಾಜಿನ ತಟ್ಟೆಯ ಮೇಲೆ ಇಟ್ಟು, ಕೊಂಡಿಗಳನ್ನೆಲ್ಲ ಮೊದಲು ಬಿಚ್ಚಿ, ಉಂಡೆಗೆ ಚಿಟಿಕೆ ಟಾಲ್ಕಮ್ ಪುಡಿ ಉದುರಿಸಿದೆ. ಎರಡು ಹೊಲಿಗೆ ಸೂಜಿ ಹಿಡಿದು, ಗಂಟಿನ ನಡುವಿಗೆ ಎರಡನ್ನೂ ಚುಚ್ಚಿ, ಮೆಲ್ಲಗೆ ಅಗಲಿಸುತ್ತಾ ಹೋಗಬೇಕು. ತುದಿ ಎಳೆಯಲೇಬಾರದು. ಮೊದಲ ಹತ್ತು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದು ಎಳೆ ಸಡಿಲವಾಯಿತು, ಅದರ ಹಿಂದೆ ಇನ್ನೊಂದು, ಕಡೆಗೆ ಪೂರ್ತಿ ಉಂಡೆ ಸರ್ರನೆ ಬಿಚ್ಚಿ ತಟ್ಟೆಯ ಮೇಲೆ ಮೂರು ಸರ ಬೇರೆ ಬೇರೆಯಾಗಿ ಮಲಗಿದವು. ಮೂರರಲ್ಲಿ ಒಂದರ ಕೊಂಡಿಯ ಹತ್ತಿರ ಕೊಂಚ ಸೀಳು ಬಿಟ್ಟಿತ್ತು, ಹಿಂದೆ ಯಾರೋ ಎಳೆದ ಗುರುತು. ಮತ್ತೆ ಗಂಟಾಗದಂತೆ ಮಾಡುವುದು ಇದಕ್ಕಿಂತ ಎಷ್ಟೋ ಸುಲಭ. ಕೊಂಡಿ ಹಾಕಿಯೇ ಇಡಿ. ಸರದ ಒಂದು ತುದಿಯನ್ನು ಕಾಗದದ ಸ್ಟ್ರಾ ಒಳಗೆ ತೂರಿಸಿ ಆಚೆ ಬದಿಯಲ್ಲಿ ಕೊಂಡಿ ಹಾಕಿದರೆ ಸರ ತನ್ನೊಳಗೆ ತಾನು ಸುತ್ತಿಕೊಳ್ಳುವುದೇ ಇಲ್ಲ. ಜಾಗವಿದ್ದರೆ ಬೀರುವಿನ ಬಾಗಿಲ ಒಳಬದಿಗೆ ಕೊಕ್ಕೆ ಹೊಡೆದು ಒಂದೊಂದಕ್ಕೆ ಒಂದೊಂದು ಸರ ತೂಗುಹಾಕಿ. ಚಿನ್ನ, ಬೆಳ್ಳಿಯ ಸರಕ್ಕೆ ಅದು ಆಗುತ್ತದೆ, ದಾರದಲ್ಲಿ ಪೋಣಿಸಿದ್ದಕ್ಕೆ ಮಾತ್ರ ಬೇಡ.

ಓಲೆಯ ಜೋಡಿ ತಪ್ಪದಿರಲು ಅಂಗಿಯ ಹಳೆ ಗುಂಡಿ ಸಾಕು. ಗುಂಡಿಯ ಎರಡು ತೂತಿಗೆ ಎರಡು ಓಲೆ, ಹಿಂದಿನಿಂದ ತಿರುಪು. ಜೋಡಿಯೂ ಸೇರಿರುತ್ತದೆ, ತಿರುಪೂ ಕಳೆಯುವುದಿಲ್ಲ. ಬಳೆಗಳನ್ನು ಬಟ್ಟೆ ಸುತ್ತಿದ ಕೊಳವೆಗೆ ಏರಿಸಿಟ್ಟರೆ ಆಯಿತು.

ಇಡುವ ಜಾಗದ ಬಗ್ಗೆ ಒಂದು ಮಾತು. ಸ್ನಾನದ ಮನೆಯ ಗೂಡಿನಲ್ಲಿ ಉಂಗುರ ಬಿಚ್ಚಿಡುವವರು ಬಹಳ. ಅಲ್ಲಿನ ಹಬೆ, ತೇವ ಬೆಳ್ಳಿಗೆ ಆಗದು. ಕಿಟಕಿ ಪಕ್ಕದ ಕನ್ನಡಿ ಮೇಜೂ ಬೇಡ, ಅಮೆಥಿಸ್ಟ್‌ನಂಥ ನೇರಳೆ ಹರಳು ಬಹುಕಾಲ ಬಿಸಿಲಿಗೆ ಇದ್ದರೆ ಬಣ್ಣ ಬಿಡುತ್ತದೆ. ಬೆಂಕಿ ತಡೆಯುವ ತಿಜೋರಿ ಎಲ್ಲದಕ್ಕೂ ಕ್ಷೇಮ ಅಂದುಕೊಳ್ಳುವುದುಂಟು. ಅದರ ಗೋಡೆಯೊಳಗೆ ತುಂಬಿರುವ ವಸ್ತುವಿನಲ್ಲಿ ನೀರಿನ ಅಂಶ ಇರುತ್ತದೆ, ಬೆಂಕಿ ಬಿದ್ದಾಗ ಅದೇ ಆವಿಯಾಗಿ ಕಾಪಾಡುವುದು. ಆದರೆ ಮಾಮೂಲು ದಿನಗಳಲ್ಲೂ ಒಳಗೆ ತೇವ ಕೂಡಿಕೊಳ್ಳಬಹುದು. ತಿಂಗಳಿಗೊಮ್ಮೆಯಾದರೂ ಬಾಗಿಲು ತೆರೆದು ಗಾಳಿಯಾಡಿಸಿ.

ಕೊನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ನಮ್ಮ ದೊಡ್ಡಮ್ಮ ಒಂದು ಜೊತೆ ಬಳೆಯನ್ನು ಯಾರಿಗೂ ಸಿಗದ ಕಡೆ ಇಟ್ಟಿದ್ದರು. ಆಮೇಲೆ ಅವರಿಗೆ ಮರೆವು ಶುರುವಾಯಿತು. "ಭದ್ರವಾಗಿದೆ, ಭದ್ರವಾಗಿದೆ" ಅನ್ನುತ್ತಿದ್ದರೇ ಹೊರತು ಎಲ್ಲಿ ಅಂತ ಹೇಳಲು ಅವರಿಗೇ ಆಗುತ್ತಿರಲಿಲ್ಲ. ಹಳೆ ಬಟ್ಟೆಯ ಗಂಟಿನಲ್ಲಿ ಮನೆಯಿಂದ ಹೊರಗೆ ಹೋಯಿತೋ ಏನೋ, ಇವತ್ತಿಗೂ ಸಿಕ್ಕಿಲ್ಲ. ಅವರ ಆ ಕೊನೆಯ ದಿನಗಳ ಚಡಪಡಿಕೆ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಆದ್ದರಿಂದ ಎಲ್ಲಿಟ್ಟಿದ್ದೀರಿ ಅನ್ನುವುದು ಮನೆಯಲ್ಲಿ ನೀವು ನಂಬುವ ಇನ್ನೊಬ್ಬರಿಗೆ ಗೊತ್ತಿರಲಿ. ಪ್ರತಿಯೊಂದರದೂ ಎರಡು ಫೋಟೊ ತೆಗೆಯಿರಿ, ಒಂದು ಪೂರ್ತಿ, ಪಕ್ಕದಲ್ಲಿ ಸ್ಕೇಲು ಇಟ್ಟು. ಇನ್ನೊಂದು ಒಳಬದಿಯ ಮುದ್ರೆಯದು, 916 ಅಂದರೆ 22 ಕ್ಯಾರೆಟ್ ಚಿನ್ನ, 750 ಅಂದರೆ 18 ಕ್ಯಾರೆಟ್, 925 ಅಂದರೆ ಶೇಕಡಾ 92.5 ಬೆಳ್ಳಿ. ತೂಕ, ಎಲ್ಲಿಂದ ಬಂತು, ಯಾರದು ಅಂತ ಎರಡು ಸಾಲು ಬರೆದಿಡಿ. ಆ ಚೀಟಿ ಒಡವೆಯ ಜೊತೆಯಲ್ಲೇ ಇರಬಾರದು, ಹೋದರೆ ಎರಡೂ ಹೋಗುತ್ತವೆ. ಅಮ್ಮನ ಪಕ್ಕ ಕೂತು ನಾನು ಈ ಪಟ್ಟಿ ಬರೆಯುವಾಗ ಗೊತ್ತಾಗಿದ್ದು, ಆ ಕಾಲ್ಗೆಜ್ಜೆ ಅಜ್ಜಿ ಹದಿನಾರನೇ ವಯಸ್ಸಿನಲ್ಲಿ ಹಾಕುತ್ತಿದ್ದದ್ದು ಅಂತ. ನನಗೆ ಇಷ್ಟು ವರ್ಷ ಅದು ಗೊತ್ತೇ ಇರಲಿಲ್ಲ.

ಮುತ್ತುಗಳನ್ನು ಪೋಣಿಸುವವರಿಗೆ ಕೊಟ್ಟಿದ್ದೆವು, ನಿನ್ನೆ ಬಂತು. ಈ ಸಲ ಪ್ರತಿ ಮುತ್ತಿನ ನಡುವೆಯೂ ಒಂದೊಂದು ಗಂಟು ಹಾಕಿಸಿದ್ದೇನೆ. ದಾರ ಹರಿದರೂ ಒಂದೇ ಮುತ್ತು ಬೀಳುತ್ತದೆ, ಒಂದಕ್ಕೊಂದು ಉಜ್ಜುವುದೂ ಇಲ್ಲ. ಹೊಳಪು ಪೂರ್ತಿ ಹೋದ ಐದನ್ನು ಹಿಂದೆ, ಕತ್ತಿನ ಕೊಂಡಿಯ ಹತ್ತಿರ ಸೇರಿಸಿದ್ದಾರೆ. ಸಿಗದ ಎರಡರಿಂದ ಸರ ಚೂರು ಗಿಡ್ಡವಾಗಿದೆ. ಅಮ್ಮ ನಿನ್ನೆ ಸಂಜೆ ಎಲ್ಲಿಗೂ ಹೋಗುವುದಿರಲಿಲ್ಲ, ಆದರೂ ಹಾಕಿಕೊಂಡು ಮನೆಯಲ್ಲೇ ಓಡಾಡಿದಳು. ರಾತ್ರಿ ತೆಗೆದು, ಒದ್ದೆ ಬಟ್ಟೆಯಲ್ಲಿ ಒಂದೊಂದೇ ಮುತ್ತು ಒರೆಸಿ, ಟವೆಲಿನ ಮೇಲೆ ಹರಡಿ, ಬೆಳಿಗ್ಗೆ ಎದ್ದವಳು ಮೊದಲು ದಾರ ಮುಟ್ಟಿ ನೋಡಿದಳು, ಒಣಗಿದೆಯಾ ಅಂತ.